ಸೋಮವಾರಕ್ಕೆ ಉಳಿದ ಎರಡು ಉಂಡೆ

ಅಕ್ಕನ ಕೂಸನ್ನು ಮನೆದೇವರು ನಂಜುಂಡಪ್ಪ ಕರೆದುಕೊಂಡ ಎಂದೇ ತಾಂಡವಪುರದ ನಮ್ಮವರೆಲ್ಲ ಹೇಳುತ್ತಾರೆ. ಸೋಮವಾರ ಅವನ ದಿನ. ಅಂದು ನಮ್ಮ ಮನೆಯಲ್ಲಿ ಬಾಡು-ಮಾಂಸ ಒಲೆಯ ಹತ್ತಿರ ಸುಳಿಯುವಂತಿಲ್ಲ. ಅವ್ವ ಆ ದಿನವೇ ಕೂಸಿನ ಬಾಯಿಗೆ ಬಾಡು ಇಟ್ಟಳು, ಗುರುವಾರ ಕೂಸು ಹೋಯಿತು. ಕಥೆ ಇಷ್ಟೇ. ಇದರಲ್ಲಿ ಎಷ್ಟು ತೂತುಗಳಿವೆ ಎಂದು ಯಾರಿಗೆ ಬೇಕಾದರೂ ತೋರಿಸಬಲ್ಲೆ. ಮೈಸೂರಿನಲ್ಲಿ ಕಾಲೇಜಿನ ಚರ್ಚಾಕೂಟದಲ್ಲಿ ಇದಕ್ಕಿಂತ ಗಟ್ಟಿಯಾದ ವಾದಗಳನ್ನು ಕೆಡವಿದ್ದೇನೆ. ವಿಷವನ್ನೇ ನುಂಗಿದ ದೇವರಿಗೆ ಎರಡು ಹಲ್ಲಿನ ಕೂಸಿನ ಒಂದು ತುತ್ತು ದಕ್ಕಲಿಲ್ಲವೆ? ಅದೇ ವಾರ ಕೆಳಗಿನ ಬೀದಿಯಲ್ಲಿ ಇನ್ನೆರಡು ಮಕ್ಕಳು ಭೇದಿಯಾಗಿ ಸತ್ತವು. ಅವು ಬಾಡನ್ನೇ ಮುಟ್ಟದ ಮನೆಯವು. ಅವುಗಳ ಮೇಲೆ ದೇವರಿಗೇನು ಸಿಟ್ಟು?

ಆದರೂ ಗೆದ್ದೆನೆಂದು ಎದ್ದು ಹೋಗಲು ನನಗೆ ಆಗುತ್ತಿಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಮೂಗೂರಿನಿಂದ ತವರಿಗೆ ಬಂದಿದ್ದಳು. ಕೂಸಿಗೆ ಹತ್ತು ತಿಂಗಳು. ಅವಳು ಮತ್ತೆ ಬಸುರಿಯಾಗಿ ಎದೆಹಾಲು ಬತ್ತಿತ್ತು. ಹಸುವಿನ ಹಾಲು ಕೊಟ್ಟರೆ ಕೂಸು ಕಕ್ಕುತ್ತಿತ್ತು, ರಾಗಿ ಸರಿಯನ್ನು ನಾಲಗೆಯಿಂದ ಹೊರಗೆ ತಳ್ಳುತ್ತಿತ್ತು. ಅಕ್ಕ ಅದರ ತೋಳನ್ನು ಎರಡು ಬೆರಳಿನಿಂದ ಸುತ್ತಿ ಅಳೆಯುತ್ತ ಕೂತಿರುತ್ತಿದ್ದಳು.

ಒಂದು ಭಾನುವಾರ ಊರಿನಲ್ಲಿ ಕುರಿ ಕೊಯ್ದು ಗುಡ್ಡೆ ಹಾಕಿದರು. ಅಪ್ಪ ನಮ್ಮ ಪಾಲಿನ ಗುಡ್ಡೆ ತಂದ. ಅವ್ವ ಮೂಳೆಯಿಲ್ಲದ ತುಂಡುಗಳನ್ನು ಆರಿಸಿ, ನರಗಳನ್ನೆಲ್ಲ ಎಳೆದು ತೆಗೆದು, ಸಣ್ಣಗೆ ಕೊಚ್ಚಿ, ಹುರಿಗಡಲೆ, ಕಾಯಿತುರಿ, ಶುಂಠಿಯೊಂದಿಗೆ ಒರಳಿನಲ್ಲಿ ನುಣ್ಣಗೆ ರುಬ್ಬಿದಳು. ಕೂಸಿಗೆಂದು ಬೇರೆ ಬೇಯಿಸಿದ್ದು ಅದರ ಮೈಗೆ ಹತ್ತುವುದಿಲ್ಲ, ಮನೆಯವರ ಗಡಿಗೆಯಲ್ಲೇ ಅದರದೂ ಬೇಯಬೇಕು ಎಂಬುದು ಅವಳ ಮಾತು. ಅದಕ್ಕೆ ಅವಳದೇ ಕ್ರಮವಿತ್ತು. ಮೊದಲು ಉಪ್ಪು, ಅರಿಶಿನ, ಈರುಳ್ಳಿ ಹಾಕಿದ ನೀರು ಕುದಿಸಿ ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಒಂದೊಂದಾಗಿ ಬಿಡುವಳು. ಅವು ಬೆಂದ ಮೇಲೆ ಎತ್ತಿಟ್ಟು, ಅದೇ ನೀರಿಗೆ ಖಾರ ಮಸಾಲೆ ಕದಡಿ, ರುಬ್ಬಿದ್ದರಲ್ಲಿ ಮಿಕ್ಕ ಕೈಮದಿಂದ ನಮಗೆಲ್ಲ ನಿಂಬೆ ಗಾತ್ರದ ಉಂಡೆ.

ಅನ್ನದ ಜೊತೆ ಹಿಸುಕಿ ಕೊಟ್ಟರೆ ಕೂಸು ಮೂರು ಉಂಡೆ ತಿಂದಿತು. ಮುದ್ದೆ ಮುರಿಯುತ್ತಿದ್ದ ಅಪ್ಪ ಕೂಸಿನ ಕಡೆ ಬಗ್ಗಿ, “ಗೌಡ್ರೇ, ನಮ್ಗೂ ವಸಿ ಮಡಗ್ರಪ್ಪ” ಎಂದ. ಎಷ್ಟೋ ದಿನದ ಮೇಲೆ ಅಕ್ಕ ನಕ್ಕಳು.

ಭಾನುವಾರ ಊಟವಾದ ಮೇಲೆ ಬಾಡಿನ ಗಡಿಗೆಯನ್ನು ಬರಿದು ಮಾಡಿ, ತೊಳೆದು, ಹಿತ್ತಲಲ್ಲಿ ಕವುಚಬೇಕು. ಉಳಿದದ್ದು ನಾಯಿಗೆ. ಕೂಸಿನ ಎರಡು ಉಂಡೆಯನ್ನು ನಾಯಿಗೆ ಹಾಕಲು ಅವ್ವನಿಗೆ ಮನಸ್ಸು ಬರಲಿಲ್ಲ. ಬಾಳೆಲೆಯಲ್ಲಿ ಕಟ್ಟಿ ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟಳು. ಮರುದಿನ ಮಧ್ಯಾಹ್ನ ಕೂಸು ಮತ್ತೆ ಸರಿಯನ್ನು ಉಗುಳಿ ಅಳತೊಡಗಿತು. ಅಕ್ಕ ಬಸುರಿನ ವಾಂತಿಯಿಂದ ಸುಸ್ತಾಗಿ ಒಳಗೆ ಮಲಗಿದ್ದಳು. ಅವ್ವ ಆ ಪೊಟ್ಟಣ ಹಿಡಿದು ನನ್ನ ಮುಂದೆ ನಿಂತಳು.

“ಸ್ವಾಮಾರ ಕಣ್ಲಾ ಇವತ್ತು. ಕೊಡಬೌದಾ?”

ನಾನು ಕಲಿತದ್ದನ್ನೆಲ್ಲ ಅಲ್ಲೇ ಹರವಿದೆ. ವಾರ ಮನುಷ್ಯ ಮಾಡಿಕೊಂಡದ್ದು, ಹಸಿವು ದೇವರು ಕೊಟ್ಟದ್ದು, ಯಾವುದು ದೊಡ್ಡದು ನೀನೇ ಹೇಳು ಎಂದೆ. ಅವ್ವ ಎಲೆ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದು, ಹಳಸಿಲ್ಲ ತಾನೆ ಎಂದು ಕೇಳಿದಳು. ನನ್ನ ವಾದ ಇನ್ನೂ ಮುಗಿದಿರಲಿಲ್ಲ. ಮೂಸಿದೆನೋ ಇಲ್ಲವೋ ನೆನಪಿಲ್ಲ. ಚೆನ್ನಾಗಿದೆ ಎಂದು ತಲೆಯಾಡಿಸಿ ಮುಂದಿನ ಮಾತಿಗೆ ಹೋದೆ. ಆ ಸೆಕೆಯಲ್ಲಿ ಅವು ಒಂದು ರಾತ್ರಿ ಮತ್ತು ಅರ್ಧ ಹಗಲು ಎಲೆಯೊಳಗಿದ್ದವು. ದೇವರನ್ನು ಸೋಲಿಸುವ ಗಡಿಬಿಡಿಯಲ್ಲಿ ನನಗೆ ಅದು ತೋಚಲೇ ಇಲ್ಲ.

ಸಂಜೆಗೆ ಕೂಸು ಕಕ್ಕಿತು, ಆಮೇಲೆ ಭೇದಿ. ಗುರುವಾರ ಬೆಳಗ್ಗೆ ಅಕ್ಕನ ಮಡಿಲಲ್ಲೇ ತಣ್ಣಗಾಯಿತು. ಕೆಳಗಿನ ಬೀದಿಯ ಬೇನೆಯೇ ಬಂತೋ, ಆ ಉಂಡೆಗಳೇ ಕೆಟ್ಟಿದ್ದವೋ, ಯಾವ ವೈದ್ಯನೂ ಹೇಳಲಾರ. ನಂಜುಂಡಪ್ಪನನ್ನು ಆರೋಪದಿಂದ ಬಿಡಿಸಬಲ್ಲೆ. ನನ್ನನ್ನು ಬಿಡಿಸಿಕೊಳ್ಳುವ ವಾದ ಸಿಕ್ಕಿಲ್ಲ.

ಹಿತ್ತಲಲ್ಲಿ ಬಿದ್ದಿದ್ದ ಬಾಳೆಲೆ ನೋಡಿ, ಇದರಲ್ಲಿದ್ದುದನ್ನು ಕೂಸಿಗೆ ಯಾರು ಕೊಟ್ಟರು ಎಂದು ಅಕ್ಕ ಕೇಳಿದಳು. “ನಾನೇ ಕೊಟ್ಟೆ ಕಣವ್ವ” ಎಂದಳು ಅವ್ವ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅವ್ವ ನನ್ನ ಕಡೆ ತಿರುಗಲೂ ಇಲ್ಲ.

“ಸ್ವಾಮಾರ ಅಂತ ಗೊತ್ತಿದ್ದೂ ಕೊಟ್ಯಲ್ಲವ್ವ” ಎಂದು ಅಕ್ಕ ಎದ್ದಳು. ಆ ವಾರವೇ ಗಾಡಿ ಕಟ್ಟಿಸಿಕೊಂಡು ಹೋದವಳು ಮತ್ತೆ ನಮ್ಮ ಹೊಸಲು ತುಳಿದಿಲ್ಲ. ಎರಡನೆಯ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು. ಕೊಬ್ಬರಿ, ಬೆಲ್ಲ ಹೊತ್ತು ಹೋದ ಅವ್ವ ಮೂಗೂರಿನ ಜಗುಲಿಯಿಂದಲೇ ಹಿಂದಿರುಗಿದಳು.

ನಿಜ ಹೇಳಿಬಿಡಬೇಕೆಂದು ಹೋದ ತಿಂಗಳು ನಾನೂ ನರಸೀಪುರದ ಮೇಲೆ ಮೂಗೂರಿಗೆ ಹೋದೆ. ಸೋಮವಾರಕ್ಕೂ ಸಾವಿಗೂ ಸಂಬಂಧವಿಲ್ಲವೆಂದು ಭಾವನ ಜೊತೆ ಒಂದು ಗಂಟೆ ವಾದಿಸಿದೆ. ಅಕ್ಕ ಹೊಸ ಕೂಸನ್ನು ಹೆಗಲಿಗೆ ಹಾಕಿಕೊಂಡು ಎಲ್ಲ ಕೇಳಿದಳು. “ಇದ್ನ ಏಳಕೆ ಅಲ್ಲಿಂದ ಬಂದ್ಯಾ?” ಎಂದಳು. ಹೂಂ ಎಂದೆ. ಒಂದೇ ಒಂದು ಮಾತು ಬಾಕಿಯಿತ್ತು. ಅದನ್ನು ಹೇಳದೆ ಗಾಡಿ ಹತ್ತಿದೆ.

ನಾನು ಮನೆಗೆ ಬಂದಾಗ ಅವ್ವ ಸೊಪ್ಪು ಸೋಸುತ್ತಿದ್ದಳು. ಅಕ್ಕ ಹೇಗಿದ್ದಾಳೆ, ಕೂಸು ಏನು ತಿನ್ನುತ್ತದೆ ಎಂದೆಲ್ಲ ವಿಚಾರಿಸಿ, ಮತ್ತೆ ಸೊಪ್ಪಿಗೆ ಬಗ್ಗಿದಳು. ನಾನು ಪಕ್ಕದಲ್ಲಿ ಕೂತೆ.

“ಅವ್ವ, ಕೊಡು ಅಂದೋನು ನಾನು. ಅವತ್ತು ಅಕ್ಕನ ಮುಂದೆ ನೀನ್ಯಾಕವ್ವ ನನ್ನ ಎಸ್ರು ಏಳ್ನಿಲ್ಲ?”