ಖಂಡೇಪೂಜೆ ಮುಗಿದ ಮೇಲೆ ಬಿಚ್ಚದ ಸ್ಕ್ರೂ

ಬನಹಟ್ಟಿಯ ನಮ್ಮ ಲೇತ್ ಅಂಗಡಿಯಲ್ಲಿ ಕೈ ನನ್ನ ಗಂಡನದು, ಬಾಯಿ ನನ್ನದು. ಗಿರಾಕಿಗಳ ಜೊತೆ ಮಾತು, ಸಾಮಾನು ಒರೆಸಿಡುವುದು, ಮಹಾನವಮಿಯ ಖಂಡೇಪೂಜೆ ಎಲ್ಲ ನನ್ನ ಪಾಲು. ಪೂಜೆಯಲ್ಲಿ ನಾನು ಜಿಪುಣತನ ಮಾಡುವವಳಲ್ಲ. ಪಾನಾ, ಸುತ್ತಿಗೆ, ಟೂಲ್ ಹೋಲ್ಡರು, ಯಾವುದನ್ನೂ ಬಿಡದೆ ಕುಂಕುಮ ಬಡಿದು ಮೇಲೆ ಕಾಯಿ ನೀರು ಚಿಮುಕಿಸುತ್ತೇನೆ.

ಹೋದ ವರ್ಷ ಹಬ್ಬ ಮುಗಿದ ಮೇಲೆ ಓಣಿಯ ನೇಕಾರರೊಬ್ಬರು ಮಗ್ಗದ ಗಿಯರ್ ಹಿಡಿದು ಬಂದರು. ಅದರ ತೂತು ದೊಡ್ಡದು ಮಾಡುವವರೆಗೆ ಅವರ ಮಗ್ಗ ಬಂದ್. ಅದಕ್ಕೆ ಲೇತಿನ ಹೋಲ್ಡರಿನಲ್ಲಿದ್ದ, ಕಬ್ಬಿಣ ಕೊರೆಯುವ ಹಳೆಯ ಟೂಲ್ ತೆಗೆದು ಬೇರೆಯದನ್ನು ಕೂಡಿಸಬೇಕಿತ್ತು. ಆದರೆ ಅದನ್ನು ಬಿಗಿಹಿಡಿದಿದ್ದ, ತಲೆಯಿಲ್ಲದ ಸಣ್ಣ ಸ್ಕ್ರೂ ಜಪ್ಪಯ್ಯ ಅಂದರೂ ತಿರುಗಲಿಲ್ಲ. ನನ್ನ ಗಂಡ ಎಣ್ಣೆ ಬಿಟ್ಟು ನೋಡಿದರು, ಮೆಲ್ಲಗೆ ಕುಟ್ಟಿ ನೋಡಿದರು. ಸ್ಕ್ರೂವಿನ ಆರು ಮೂಲೆಯ ಕುಳಿಗೆ ಹಾಕಿ ತಿರುವುವ ಅಲನ್ ಕೀ ಒಳಗೆ ಕೂಡದೆ ಬಾಯಲ್ಲೇ ಜಾರುತ್ತಿತ್ತು. ಒಮ್ಮೆ ಜೋರಾಗಿ ಜಾರಿ ಅವರ ಬೆರಳಗೆಣ್ಣಿನ ಚರ್ಮ ಕಿತ್ತು ರಕ್ತ ಬಂತು.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಎಮ್ಮಿ ಗೂಟಾ ಹುಗದಂಗ ಬಿಗದ್ರ ಮತ್ತೇನ ಆಕ್ಕೈತ್ರಿ?" ಎಂದೆ. ನೇಕಾರರು ನಕ್ಕರು. ಯಾರಾದರೂ ನಕ್ಕರೆ ನನಗೆ ಇನ್ನೂ ಹುರುಪು. "ಕೊಡ್ರಿಲ್ಲೆ, ನಾ ತೋರಸ್ತೀನಿ" ಎಂದು ಹೋಲ್ಡರ್ ಕಸಿದುಕೊಂಡು, ಸೀರೆಯ ಪಿನ್ನಿನಿಂದ ಸ್ಕ್ರೂವಿನ ಬಾಯಿ ಕೆದಕಿದೆ.

ಕೆಂಪು ಮುದ್ದೆ ಹೊರಬಂತು. ಕುಂಕುಮ. ನಾನೇ ಬಡಿದದ್ದು, ಕಾಯಿ ನೀರಿಗೆ ನೆನೆದು ಕಲ್ಲಾಗಿ ಕೂತಿತ್ತು. ಕೀ ತಳ ಮುಟ್ಟುವುದಾದರೂ ಹೇಗೆ?

"ಏನ್ರಿ ಅಕ್ಕಾರ ಅದು?" ನೇಕಾರರು ಬಗ್ಗಿ ನೋಡಿದರು. ನಾನು ಕೆಂಪಾದ ಬೆರಳು ಮಡಚಿಕೊಂಡೆ.

ಗಂಡ ಬಟ್ಟೆಯಿಂದ ನನ್ನ ಬೆರಳು ಒರೆಸಿ, "ತುಕ್ಕ ಐತ್ರಿ. ನಾನ ಜರಾ ಜಾಸ್ತಿ ಬಿಗಿದಿದ್ದೆ" ಅಂದರು.

ಆಮೇಲೆ ತೂತು ಸ್ವಚ್ಛ ಮಾಡಿ, ಹೋಲ್ಡರ್ ಕಾಯಿಸಿ, ಕೀ ತಳದವರೆಗೆ ಕುಟ್ಟಿ ಕೂಡಿಸಿ ತಿರುವಿದರು. ಟಕ್ ಅಂತ ಸಡಿಲಾಯಿತು. ಗಿಯರ್ ತೆಗೆದುಕೊಂಡು ಹೋಗುವಾಗ ನೇಕಾರರು, "ಇನ್ನ ಅಕ್ಕಾರ ಹೇಳಿದಂಗ ಸಾವಕಾಶ ಬಿಗೀರಿ" ಎಂದರು. ನನ್ನ ಗಂಡ "ಹೂನ್ರಿ" ಎಂದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಗಂಡನ ಗಾಯಕ್ಕೆ ಅರಿಶಿನ ಹಚ್ಚಿದೆ. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಈ ವರ್ಷದ ಪೂಜೆಗೆ ಹೋಲ್ಡರುಗಳನ್ನು ಬಟ್ಟೆ ಮುಚ್ಚಿ ಬದಿಗಿಟ್ಟಿದ್ದೆ. ಅವರು ಅವನ್ನು ತಂದು ನನ್ನ ಮುಂದಿಟ್ಟು, "ಇವೇನ ಪಾಪಾ ಮಾಡ್ಯಾವು? ಹಚ್ಚು" ಎಂದರು. ನೋಡಿದರೆ ಒಂದೊಂದು ಸ್ಕ್ರೂವಿನ ಬಾಯಿಗೂ ಗ್ರೀಸ್ ತುಂಬಿ, ಬೆರಳಿನಿಂದ ಸಪಾಟು ಮಾಡಿದ್ದರು. ನನ್ನ ಕುಂಕುಮ ಒಳಗಿಳಿಯಲು ಜಾಗವೇ ಇರಲಿಲ್ಲ.

"ಅವತ್ತ ಅದು ತುಕ್ಕ ಅಲ್ರಿ..." ಎಂದೆ, ತಲೆ ಎತ್ತದೆ.

"ತುಕ್ಕ ಅದು" ಎಂದರು ಅವರು. "ಹಚ್ಚು, ಆರತಿ ತಡ ಆಗಾಕತ್ತೈತಿ."