ಅಡಿಗೆಮನೆಯ ಗಾಜಿನ ಹಂಚು

ಆ ಕಚೇರಿಯ ಕಿಟಕಿಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಂಟ್ವಾಳ ಪೇಟೆಯಲ್ಲಿ ನದಿಗೆ ಬೆನ್ನು ಹಾಕಿ ನಿಂತಿದ್ದ ಹಳೆಯ ಕಟ್ಟಡ ಅದು. ನನ್ನ ಮೇಜಿನ ಪಕ್ಕದಲ್ಲೇ ಕಿಟಕಿ, ಅದರಾಚೆ ನೇತ್ರಾವತಿ. ಆದರೆ ನದಿ ಕಾಣಬೇಕಲ್ಲ! ಗಾಜಿನ ಮೇಲೆ ಧೂಳು, ಧೂಳಿನ ಮೇಲೆ ಮಳೆಗಾಲದ ಪಾಚಿ, ಪಾಚಿಯ ಮೇಲೆ ಮತ್ತೆ ಬೇಸಿಗೆಯ ಧೂಳು. ಹಗಲು ಹೊತ್ತಿನಲ್ಲಿ ದೀಪ ಹಚ್ಚಿಕೊಂಡು ಬರೆಯುತ್ತಿದ್ದೆವು.

ಜವಾನನಿಗೆ ಹೇಳಿದೆ. ಗಾಜು ಒರೆಸುವುದು ತನ್ನ ಕೆಲಸವಲ್ಲ, ಗುಡಿಸುವವನದು ಎಂದ. ಗುಡಿಸುವವನಿಗೆ ಹೇಳಿದೆ. ನೆಲ ಮಾತ್ರ ತನ್ನದು, ಗೋಡೆಗೆ ಹತ್ತಿದ್ದೆಲ್ಲ ಜವಾನನದು ಎಂದ. ಕೊನೆಗೊಂದು ದಿನ ಊಟದ ಬಿಡುವಿನಲ್ಲಿ ನಾನೇ ಅಂಗಿಯ ತೋಳು ಮಡಚಿ, ಅಂಟುವಾಳದ ನೊರೆಯಲ್ಲಿ ಗಾಜು ತಿಕ್ಕಿ, ಹಳೆಯ ಪತ್ರಿಕೆಯಿಂದ ಒರೆಸಿದೆ. ನದಿ ಕಂಡಿತು. ಹಂಚು ಹೇರಿಕೊಂಡ ದೋಣಿಯೊಂದು ನಿಧಾನವಾಗಿ ಮೇಲಕ್ಕೆ ಬರುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದಾಗ ಹೆಡ್ ಗುಮಾಸ್ತರು ಬೆನ್ನ ಹಿಂದೆ ಬಂದರು.

"ಇದೆಂತದು ಮಾರಾಯ? ನೀನು ಗುಮಾಸ್ತನಾ, ಕೂಲಿಯವನಾ?"

ಮರುದಿನ ಜವಾನನಿಂದ ದೂರು. ತನ್ನ ಕೆಲಸಕ್ಕೆ ನಾನು ಕೈ ಹಾಕಿದೆನಂತೆ. ಮೊನ್ನೆಯವರೆಗೆ ತನ್ನದಲ್ಲದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಅವನದಾಗಿಬಿಟ್ಟಿತ್ತು! ಕಚೇರಿಯ ಮರ್ಯಾದೆ ಹಾಳಾಯಿತೆಂದು ಹೆಡ್ ಗುಮಾಸ್ತರು ಎಲ್ಲರೆದುರು ನನ್ನನ್ನು ನಿಲ್ಲಿಸಿ, ಕ್ಷಮೆ ಕೇಳು ಎಂದರು. ಯಾರಲ್ಲಿ ಎಂದೆ. ಎಲ್ಲರಲ್ಲಿ ಎಂದರು. ಆ ಎಲ್ಲರೂ ನನ್ನ ಗಾಜಿನಿಂದ ಬಂದ ಬೆಳಕಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.  "ಕೇಳುವುದಿಲ್ಲ" ಎಂದು ಹೇಳಿ ಕೊಡೆ ತೆಗೆದುಕೊಂಡು ಹೊರಬಿದ್ದೆ. ಹಾಗೆ ಹೊರಬೀಳುವುದಕ್ಕೆ ಒಂದು ಕಿಟಕಿಯೇ ಕಾರಣವೆಂದು ಯಾರಾದರೂ ನಕ್ಕರೆ ನಗಲಿ. ಅಲ್ಲಿ ಕೂತು ಕಣ್ಣು ಕೆಡಿಸಿಕೊಂಡವನು ನಾನು.

ಕಚೇರಿ ಬಿಟ್ಟದ್ದು ಸುಲಭವಾಯಿತು. ಮನೆಗೆ ಹೇಳುವುದು ಸುಲಭವಾಗಲಿಲ್ಲ. ನಮ್ಮದು ಬೆಳುವಾಯಿ ಕಡೆಯ ಅಳಿಯಸಂತಾನದ ಮನೆ. ಅಲ್ಲಿ ಅಪ್ಪನ ಮಾತಿಗಿಂತ ತಾಯಿಯ ಅಣ್ಣನ ಮಾತು ದೊಡ್ಡದು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮಾವನ ಮಾತೊಂದೇ ಉಳಿದಿತ್ತು. ಯಾರ್‍ಯಾರಿಗೋ ಹೇಳಿಸಿ ನನಗೆ ಆ ಕುರ್ಚಿ ಕೊಡಿಸಿದ್ದು ಅವರೇ. ನಾನು ಇನ್ನು ಮೇಲೆ ಊರೂರು ತಿರುಗಿ ಕಿಟಕಿಯ ಗಾಜು, ಮನೆಯ ಮಾಡಿನ ಮೇಲಿನ ಗಾಜಿನ ಹಂಚು ತೊಳೆದು ಬದುಕುತ್ತೇನೆಂದಾಗ ಮಾವ ಎಲೆಯಡಿಕೆ ಉಗುಳಿ ಬಂದು ಜಗಲಿಯಲ್ಲಿ ನೆಟ್ಟಗೆ ಕೂತರು.

"ಯಾರದ್ದೋ ಮಾಡು ಹತ್ತಿ ಯಾರದ್ದೋ ಮಸಿ ಒರೆಸುವವನಿಗೆ ಈ ಮನೆಯಲ್ಲಿ ಜಾಗ ಇಲ್ಲ. ಆ ಕೆಲಸ ಬಿಡುವವರೆಗೆ ನೀನು ಈ ಮನೆಯ ಹೊಸ್ತಿಲು ದಾಟಬಾರದು."

ಅಮ್ಮ ಒಳಬಾಗಿಲ ಹಿಂದೆ ನಿಂತಿದ್ದರು. ಅವರ ಸೀರೆಯ ಅಂಚು ಕಾಣುತ್ತಿತ್ತು, ಮಾತು ಕೇಳಲಿಲ್ಲ. ಅಣ್ಣನೆದುರು ಅವರು ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅಂದು ನನಗೆ ಮಾವನ ಮೇಲೆ ಬಂದಷ್ಟೇ ಸಿಟ್ಟು ಅಮ್ಮನ ಮೇಲೂ ಬಂತು.

ಮೂಡಬಿದಿರೆಯಲ್ಲಿ ಒಂದು ಕೋಣೆ ಹಿಡಿದೆ. ಬಿದಿರಿನ ಏಣಿ, ಬಾಲ್ದಿ, ಅಂಟುವಾಳ, ಬೂದಿ, ತೆಂಗಿನ ನಾರು, ರದ್ದಿ ಪತ್ರಿಕೆ. ಬಂಡವಾಳ ಇಷ್ಟೇ. ಏಣಿಯನ್ನು ಬಸ್ಸಿನ ಟಾಪಿಗೆ ಕಟ್ಟಿ ಮಡಂತ್ಯಾರಿಗೆ, ಬೆಳ್ತಂಗಡಿಗೆ, ಉಜಿರೆಗೆ ಹೋಗುತ್ತಿದ್ದೆ. "ಏಣಿಗೂ ಟಿಕೇಟು ಮಾಡುವನಾ?" ಎಂದು ಕಂಡಕ್ಟರು ಕೇಳುವುದು, ಬಸ್ಸಿನಲ್ಲಿದ್ದವರೆಲ್ಲ ಹಲ್ಲು ಕಿರಿಯುವುದು ದಿನಾ ಇತ್ತು. ವೈದ್ಯರ ಔಷಧಾಲಯ, ಜವಳಿ ಅಂಗಡಿಯ ಗಾಜಿನ ಕಪಾಟು, ಇಗರ್ಜಿಯ ಎತ್ತರದ ಕಿಟಕಿಗಳು ಸಿಕ್ಕಿದವು. ಆದರೆ ಹೆಚ್ಚಿನ ಕೆಲಸ ಅಡಿಗೆಮನೆಯ ಮಾಡಿನದು. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಒಲೆಯ ಮೇಲಕ್ಕೆ ಒಂದೋ ಎರಡೋ ಗಾಜಿನ ಹಂಚು ಇಡುತ್ತಾರೆ, ಬೆಳಕಿಗೆಂದು. ಒಳಗಿನ ಹೊಗೆಗೆ ಅದು ಒಂದೇ ವರ್ಷದಲ್ಲಿ ಬಾಣಲೆಯ ಹಾಗೆ ಕಪ್ಪಾಗುತ್ತದೆ. ಹೊರಗಿನವರನ್ನು ಅಡಿಗೆಮನೆಯೊಳಗೆ ಬಿಡುವುದಿಲ್ಲವಲ್ಲ, ಹಾಗಾಗಿ ಮಾಡು ಹತ್ತಿ, ಹಂಚನ್ನು ಮೇಲಿನಿಂದಲೇ ಎಳೆದು ತೆಗೆದು, ತೊಳೆದು, ಮತ್ತೆ ಕೂರಿಸಬೇಕು.

ಈ ಕಸುಬಿನಲ್ಲಿ ನನಗೆ ಹಿಡಿಸದೆ ಹೋದದ್ದು ಎತ್ತರವೂ ಅಲ್ಲ, ಮಸಿಯೂ ಅಲ್ಲ, ಜನರ ನಾಟಕ. ನನ್ನ ಗುರುತಿಲ್ಲದ ಮನೆಗಳಲ್ಲಿ ನನಗೆ ಕಾಫಿ ಅಂಗಳದಾಚೆ ತೆಂಗಿನ ಗೆರಟೆಯಲ್ಲಿ. ಕುಡಿದು ಅದನ್ನು ಎಸೆಯಬೇಕು. ಮಾತಾಡುತ್ತ ಮಾತಾಡುತ್ತ ನಾನು ಇಂಥ ಮನೆಯವನೆಂದು ಗೊತ್ತಾಯಿತೋ, ಕೂಡಲೇ ಜಗಲಿಗೆ ಕುರ್ಚಿ ಬರುತ್ತಿತ್ತು, ಹಿತ್ತಾಳೆ ಲೋಟದಲ್ಲಿ ಕಾಫಿ ಬರುತ್ತಿತ್ತು. "ಛೆ, ಮೊದಲೇ ಹೇಳಬಾರದಾ? ನಿಮ್ಮಂಥವರ ಹತ್ತಿರ ಇದನ್ನೆಲ್ಲ ಮಾಡಿಸುವುದು ಹೇಗೆ!" ಅಲ್ಲಿಗೆ ಕೆಲಸ ಹೋಯಿತು. ಕೆಲಸ ಕೊಟ್ಟರೆ ಮರ್ಯಾದೆ ಇಲ್ಲ, ಮರ್ಯಾದೆ ಕೊಟ್ಟರೆ ಕೆಲಸ ಇಲ್ಲ. ಅಂಥ ಕುರ್ಚಿಯಲ್ಲಿ ನಾನು ಒಮ್ಮೆಯೂ ಕೂರಲಿಲ್ಲ. ಗೆರಟೆಯ ಕಾಫಿಯನ್ನು ಮಾತ್ರ ಕುಡಿದೆ, ಪ್ರತಿ ಗುಟುಕಿಗೂ ಬೈದುಕೊಳ್ಳುತ್ತ. ಆ ಗೆರಟೆಯಲ್ಲಿಯೇ ಹುಟ್ಟಿದಲ್ಲಿಂದ ಕುಡಿದು ಬಂದ ಜನ ಎಷ್ಟು ಮಂದಿ, ಅವರ ಹೊಟ್ಟೆಯಲ್ಲಿ ಎಷ್ಟು ಬೆಂಕಿ ಇದ್ದಿರಬೇಕು ಎಂದು ನನಗೆ ಆಗ ಅರ್ಥವಾಯಿತು.

ಹೀಗೆ ಕೆಲವು ವರ್ಷ ಕಳೆಯಿತು. ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ಬೇಸಿಗೆ ಮೂಡಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ನೆರೆಮನೆಯ ಹೆಂಗಸು ಸಿಕ್ಕಿದರು. ಅತ್ತ ಇತ್ತ ನೋಡಿ ಹತ್ತಿರ ಬಂದರು.

"ನಿಮ್ಮ ಅಮ್ಮ ಕೈ ಸುಟ್ಟುಕೊಂಡಿದ್ದಾರೆ, ಗೊತ್ತುಂಟಾ? ಗಂಜಿ ಬಸಿಯುವಾಗ ಪಾತ್ರೆಯ ಬಾಯಿ ಕಾಣಲಿಲ್ಲವಂತೆ. ಕಣ್ಣು ಹೋಗ್ತಾ ಉಂಟು, ಪ್ರಾಯ ಆಯ್ತಲ್ಲ ಅಂತಾರೆ ನಿಮ್ಮ ಮಾವ."

"ಅಡಿಗೆಮನೆಯ ಗಾಜು ತೊಳೆಯುವುದು ಯಾರು ಈಗ?"

ಆ ಹೆಂಗಸು ನನ್ನನ್ನೇ ನೋಡಿದರು. "ಆ ಮನೆಯಲ್ಲಿ ಗಾಜಿನ ಮಾತೆತ್ತುವ ಧೈರ್ಯ ಯಾರಿಗೆ ಉಂಟು?"

ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಆ ಹಂಚನ್ನು ತೊಳೆಯುತ್ತಿದ್ದವನು ನಾನು. ನಾನು ಹೊರಬಿದ್ದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬ ಮನುಷ್ಯನ ಹಟಕ್ಕೆ ನನ್ನ ಅಮ್ಮ ವರ್ಷಗಟ್ಟಲೆ ಕತ್ತಲಲ್ಲಿ ಬೇಯಿಸಿ ಹಾಕಿದ್ದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ! 

ಮರುದಿನ ಬೆಳಿಗ್ಗೆ ಏಣಿ ಹೊತ್ತು ಗದ್ದೆಯ ಬದುವಿನಲ್ಲಿ ನಡೆದು ಹೋದೆ. ಮಾವ ಜಗಲಿಯಲ್ಲಿ ಅಡಿಕೆ ಕೆರೆಯುತ್ತ ಕೂತಿದ್ದರು. ಮುದುಕರಾಗಿದ್ದರು. ಅದನ್ನು ಕಂಡು ನನ್ನ ಸಿಟ್ಟೇನೂ ಇಳಿಯಲಿಲ್ಲ.

"ಹೊಸ್ತಿಲು ದಾಟಬಾರದು ಅಂದಿದ್ದೀರಿ. ದಾಟುವುದಿಲ್ಲ. ಮಾಡು ಹತ್ತುತ್ತೇನೆ" ಎಂದೆ.

 ಹಿಂಬದಿಗೆ ಹೋಗಿ ಏಣಿ ಇಟ್ಟು ಹತ್ತಿದೆ. ಅಲ್ಲಿ ಮಾಡಿನ ಕೆಳಗೆ ಏಣಿ ನಿಲ್ಲುವಷ್ಟೇ ನೆಲ, ಅದರಾಚೆ ಕಡಿದ ಕೆಂಪುಕಲ್ಲಿನ ಆಳದ ದರೆ, ಹಾರಿ ಇಳಿಯುವ ಜಾಗವಲ್ಲ. ಗಾಜಿನ ಹಂಚು ಎಲ್ಲಿದೆ ಎಂದು ಹುಡುಕಬೇಕಾಯಿತು, ಮಣ್ಣಿನ ಹಂಚಿಗಿಂತ ಕಪ್ಪಾಗಿತ್ತು ಅದು. ಎಳೆದು ತೆಗೆದೆ. ಕೆಳಗಿನ ಕತ್ತಲೆಗೆ ಬಿಸಿಲು ಬಿತ್ತು.

"ಯಾರದು ಮಾಡಿನಲ್ಲಿ?" ಅಮ್ಮನ ಧ್ವನಿ.

"ನಾನು ಅಮ್ಮ."

ಅಷ್ಟರಲ್ಲಿ ಹಿಂದೆ ಬಿದಿರು ಕಲ್ಲಿಗೆ ಉಜ್ಜುವ ಸದ್ದು ಕೇಳಿತು. ತಿರುಗಿ ನೋಡಿದರೆ ಮಾವ, ಮೇಲುಸಿರು ಬಿಡುತ್ತ, ನನ್ನ ಏಣಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ನಾನು ಕೂಗಲಿಲ್ಲ. ಕೂಗಿದ್ದರೆ ಬೇಡುವವನ ಹಾಗಾಗುತ್ತಿತ್ತು. ಸುತ್ತಲಿನ ಹಂಚುಗಳನ್ನು ಸರಿಸಿದೆ, ಅವನ್ನು ಹೊತ್ತ ಒಂದು ಮರದ ರೀಪನ್ನು ಮುರಿದೆ, ಆ ಸಂದಿನಲ್ಲಿ ಮೈ ತೂರಿಸಿ ಅಡ್ಡ ತೊಲೆಗೆ ಕಾಲಿಟ್ಟೆ, ಅಲ್ಲಿಂದ ಸೌದೆ ಒಣಗಿಸುವ ಅಟ್ಟಕ್ಕೆ, ಅಟ್ಟದಿಂದ ಒಲೆಯ ಪಕ್ಕಕ್ಕೆ ಇಳಿದೆ. ಮೈಯೆಲ್ಲ ಮಸಿ.

ಅಮ್ಮ ಮೊದಲು ನೋಡಿದ್ದು ನನ್ನನ್ನಲ್ಲ, ಗೋಡೆಯನ್ನು. "ಅಯ್ಯೋ, ಇಷ್ಟು ಕೊಳಕಾಗಿತ್ತಾ ಇಲ್ಲಿ?" ಎಂದು ನಾಚಿಕೆಯಿಂದ ಸೆರಗಿನಲ್ಲೇ ಒರೆಸಲು ಹೋದರು. ಆಮೇಲೆ ತನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಮಣಿಕಟ್ಟಿನಿಂದ ಬೆರಳವರೆಗೆ ಚರ್ಮ ಸುಕ್ಕುಗಟ್ಟಿ ಕೆಂಪಾಗಿತ್ತು. ಅವರೂ ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಮಣೆ ಹಾಕಿ, ಗಂಜಿ ಬಡಿಸಿ, ಉಪ್ಪಿನಕಾಯಿ ಇಟ್ಟರು.

ಎರಡು ತುತ್ತು ಉಣ್ಣುವಾಗ ಮಾವ ಬಾಗಿಲಲ್ಲಿ ಬಂದು ನಿಂತರು.

"ಹೊರಗೆ ನಡೆ."

ನಾನು ಏಳಲು ಹೋದೆ. ಅಮ್ಮ ಭುಜ ಒತ್ತಿ ಕೂರಿಸಿದರು.

"ಎಲ್ಲಿಂದ ಹೋಗುವುದು ಅಣ್ಣ? ಹೊಸ್ತಿಲು ದಾಟಬಾರದು ಅಂತ ಹೇಳಿದ್ದು ನೀವು. ಒಳಗಿನಿಂದ ದಾಟಿದರೂ ಅದು ದಾಟಿದ್ದೇ ಅಲ್ವಾ? ಬಂದ ದಾರಿಯಲ್ಲೇ ಹೋಗುವ ಅಂದ್ರೆ ಏಣಿ ಇಲ್ಲ. ಅದನ್ನು ತೆಗೆದದ್ದೂ ನೀವೇ."

ಅಮ್ಮ ಧ್ವನಿ ಏರಿಸಲಿಲ್ಲ. ಮಾವ ಮಾಡಿನ ತೂತು ನೋಡಿದರು, ನೆಲದ ಬಿಸಿಲು ನೋಡಿದರು, ಅಮ್ಮನ ಕೈ ನೋಡಿದರು. ಕೊನೆಗೆ, "ರೀಪು ಮುರಿದಿದೆ" ಎಂದರು.

"ಮುರಿದವನೇ ಹಾಕ್ತಾನೆ. ಇಲ್ಲೇ ಇದ್ದಾನಲ್ಲ."

ಮಾವ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಬಿದಿರು ಉಜ್ಜುವ ಸದ್ದು ಮತ್ತೆ ಕೇಳಿತು. ಏಣಿ ಹಿಂಬದಿಯ ಗೋಡೆಗೆ ಬಂದು ಒರಗಿತು. ಅಟ್ಟದಲ್ಲಿ ನಿಂತು ಒಳಗಿನಿಂದಲೇ ರೀಪು ಹಾಕಿ, ಗಾಜನ್ನು ಬೂದಿಯಲ್ಲಿ ತಿಕ್ಕಿ ಕೂರಿಸುವಾಗ ಸಂಜೆಯಾಯಿತು. ಹೊರಡುವಾಗ ನಾನು ಏಣಿಯ ಕಡೆಗೆ ಹೋಗಲಿಲ್ಲ. ಅಡಿಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಮುಂಬಾಗಿಲಿಗೆ ಬಂದು, ಮಾವನ ಎದುರಿಗೇ ಹೊಸ್ತಿಲು ದಾಟಿದೆ. ಅವರು ಚಾಚಿದ ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಅಷ್ಟಕ್ಕೆ ನಾನು ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ. ಆಮೇಲೆ ಪ್ರತಿ ವರ್ಷ ಮಳೆಗೆ ಮೊದಲು ಆ ಮನೆಗೆ ಮುಂಬಾಗಿಲಿನಿಂದಲೇ ಹೋಗಿ ಗಾಜು ತೊಳೆದೆ, ಅಲ್ಲೇ ಉಂಡೆ. ಮಾವನ ಜೊತೆ ಮಾತೂ ಆಡಿದೆ. ಆದರೆ ತೊಳೆದ ಹಂಚನ್ನು ಕೂರಿಸಿ ಕೆಳಗೆ ನೋಡಿದಾಗಲೆಲ್ಲ ಅಮ್ಮ ಒಲೆಯ ಮುಂದೆ ಇರುತ್ತಿದ್ದರು, ಕೈಯ ಮೇಲಿನ ಆ ಕಲೆ ಚೆನ್ನಾಗಿ ಕಾಣುತ್ತಿತ್ತು.