ಖಂಡೆ ಪೂಜೆಗೆ ನೆನೆದ ಗಾಡಿ

ದಸರೆಯಲ್ಲಿ ಬನ್ನಿ ಕೊಡುವುದಕ್ಕೆ ಒಂದು ರೀತಿಯಿದೆ. ಸಣ್ಣವರು ಬನ್ನಿ ಎಲೆ ಹಿಡಿದು ದೊಡ್ಡವರ ಮನೆಗೆ ಹೋಗಬೇಕು. ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ’ ಎಂದು ಎಲೆಯನ್ನು ಅವರ ಕೈಗಿಟ್ಟು ಕಾಲು ಮುಟ್ಟಬೇಕು. ದೊಡ್ಡವರು ಕುಳಿತಲ್ಲಿಂದ ಏಳುವುದಿಲ್ಲ. ವಿಜಯಪುರದ ಹತ್ತಿರದ ನಮ್ಮೂರು ಇಂಡಿಯಲ್ಲಿ ನಮ್ಮ ಓಣಿಯವರೆಲ್ಲ ಇದನ್ನು ತಪ್ಪದೆ ನಡೆಸುತ್ತಾರೆ. ನಡೆಸಲಾಗದೆ ಇದ್ದವಳು ನಾನೊಬ್ಬಳೇ. ಸಣ್ಣವಳಿದ್ದಾಗ ಬಂದ ಪೋಲಿಯೋ ನನ್ನ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಹಾಗಾಗಿ ನಾನು ಹೋಗಬೇಕಾದ ಮನೆಯ ಹಿರಿಯರೇ ನನ್ನ ಹತ್ತಿರ ಬರುತ್ತಿದ್ದರು.

ಅವರಲ್ಲಿ ಒಂದು ವರ್ಷವೂ ತಪ್ಪಿಸದವಳು, ಓಣಿಯವರೆಲ್ಲ ಆಯಿ ಎಂದು ಕರೆಯುವ ಮುದುಕಿ. ಸಂಬಂಧದಲ್ಲಿ ಆಕೆ ನಮಗೆ ಏನೂ ಆಗಬೇಕಿಲ್ಲ. ಓಣಿ ಇಳಿಜಾರಾಗಿ ಹೋಗಿ ಗಟಾರ ಮುಟ್ಟುವ ಕಡೆ, ಗಟಾರದ ಆಚೆ ಆಕೆಯ ಮನೆ. ಬಾಯಿ ಬಹಳ ಜೋರು. ಓಣಿಯಲ್ಲಿ ಆಕೆಯಿಂದ ಬೈಸಿಕೊಳ್ಳದವರು ಯಾರೂ ಇಲ್ಲ. ದಸರೆಯ ಸಂಜೆ ಸೀರೆ ಎತ್ತಿ ಹಿಡಿದು, ಏದುಸಿರು ಬಿಡುತ್ತಾ ದಿಬ್ಬ ಏರಿ ಬಂದು, ‘ತಗೋ, ನಿನ್ನ ಬನ್ನಿ’ ಎಂದು ನನ್ನ ಕೈಗೆ ತುರುಕುತ್ತಿದ್ದಳು. ನಾನು ಅದರಲ್ಲೇ ನಾಲ್ಕು ಎಲೆ ತೆಗೆದು ಆಕೆಗೆ ಕೊಡಬೇಕು. ಬಾಗಿ ಕಾಲು ಮುಟ್ಟಲು ನನಗೆ ಆಗುವುದಿಲ್ಲ. ಎದುರಿಗೆ ನಿಂತವಳ ಮೊಣಕಾಲು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ನನ್ನ ಹತ್ತಿರ ಮೊದಲು ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿ ಇತ್ತು. ಅದರ ಮೇಲೆಯೇ ಕಾಲೇಜು ಮುಗಿಸಿದೆ. ಓಣಿಯ ದಿಬ್ಬದಲ್ಲಿ ಮಾತ್ರ ಅದಕ್ಕೆ ಯಾರಾದರೂ ಹಿಂದಿನಿಂದ ಕೈ ಹಚ್ಚಲೇಬೇಕು, ಮತ್ತು ಕೈ ಹಚ್ಚಿದವರು ದಾರಿಯುದ್ದಕ್ಕೂ ನನಗೆ ಉಪದೇಶ ಮಾಡುತ್ತಿದ್ದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಉಪದೇಶಕ್ಕಿಂತ ಮನೆಯಲ್ಲಿರುವುದೇ ವಾಸಿ ಎನಿಸುತ್ತಿತ್ತು. ಆಮೇಲೆ ಭುಜ ಎರಡೂ ಸೋತವು. ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ, ಹೊಸ್ತಿಲಿನಾಚೆಯ ಊರನ್ನು ಅವರ ಬಾಯಿಂದ ಕೇಳುತ್ತಾ ಇದ್ದುಬಿಟ್ಟೆ.

ಬ್ಯಾಟರಿಯ ಗಾಲಿಕುರ್ಚಿ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಬಲಗೈಯ ಹತ್ತಿರ ಬೆರಳುದ್ದದ ಒಂದು ಕೋಲು. ಮುಂದೆ ತಳ್ಳಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ, ಕೈಬಿಟ್ಟರೆ ನಿಂತುಬಿಡುತ್ತದೆ. ಅದಕ್ಕೆ ಜಾಯ್‌ಸ್ಟಿಕ್ ಎನ್ನುತ್ತಾರಂತೆ. ಅಣ್ಣನ ಹೆಂಡತಿ, ನಮ್ಮ ವೈನಿ ಮಾತ್ರ ಮೊದಲ ದಿನದಿಂದ ‘ಗೇರು’ ಎಂದೇ ಕರೆಯುತ್ತಾರೆ. ಮೊದಲ ವಾರವೇ ನನ್ನ ಸೆರಗು ಆ ಗೇರಿಗೆ ಸಿಕ್ಕಿ, ಗಾಡಿ ಹೋಗಿ ಅಡುಗೆಮನೆಯ ಡಬ್ಬಿಗಳ ಮೇಲೆ ಬಿತ್ತು. ಜೋಳದ ಹಿಟ್ಟು ಬಾಚುತ್ತಾ ವೈನಿ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟ್ ಹಾಕಿಕೊಂಡ ಮೇಲೆಯೇ ಸ್ವಿಚ್ ಒತ್ತುವುದು. ಗಾಡಿಯಿಂದ ಮಂಚಕ್ಕೆ ಸರಿಯುವಾಗ, ಏನನ್ನಾದರೂ ಎತ್ತಿಕೊಳ್ಳಲು ಬಾಗುವಾಗ ಮೊದಲು ಸ್ವಿಚ್ ಬಂದ್. ಇದು ಈಗ ಅಭ್ಯಾಸವಾಗಿದೆ.

ಅದರ ಆರೈಕೆಯೂ ನನ್ನದೇ. ಪ್ರತಿದಿನ ಮಲಗುವ ಮುಂಚೆ ಚಾರ್ಜಿಗೆ ಹಚ್ಚುತ್ತೇನೆ, ದೀಪ ಹಸಿರಾಯಿತೇ ಎಂದು ಬೆಳಿಗ್ಗೆ ನೋಡುತ್ತೇನೆ. ಮುಂದಿನ ಸಣ್ಣ ಗಾಲಿಗಳ ನಡುವೆ ಕೂದಲು, ದಾರ ಸುತ್ತಿಕೊಂಡಿರುತ್ತವೆ. ಹಳೆಯ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಮಳೆ ಬಂದರೆ ನಮ್ಮ ಕಡೆಯ ಎರೆಮಣ್ಣು ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನು ಒಣಗಲು ಬಿಟ್ಟು, ಕಡ್ಡಿಯಿಂದ ಕೆರೆದು, ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ನೀರು ಮಾತ್ರ ಹಾಕುವಂತಿಲ್ಲ. ಇದನ್ನು ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆನೆಂದೇ ತಿಳಿದಿದ್ದೆ.

ಕಳೆದ ದಸರೆಯ ಹೊತ್ತಿಗೆ ಆಯಿಯ ಮೊಣಕಾಲು ಪೂರಾ ಕೈಕೊಟ್ಟಿತ್ತು. ಕೋಲು ಹಿಡಿದು ತನ್ನ ಮನೆ ಮುಂದಿನ ಕಟ್ಟೆಯವರೆಗೆ ಬಂದು ಕೂರುವುದೇ ಹೆಚ್ಚು. ದಿಬ್ಬ ಏರುವ ಮಾತು ದೂರ. ನಾನು ಹಬ್ಬಕ್ಕೆ ಎಷ್ಟೋ ಮುಂಚೆಯೇ ಹೇಳಿ ಕಳಿಸಿದ್ದೆ: ಈ ಸಲ ಆಯಿ ಬರುವುದು ಬೇಡ, ಬನ್ನಿ ಕೊಡಲು ನಾನೇ ಬರುತ್ತೇನೆ, ಯಾರ ಕೈಯನ್ನೂ ಹಚ್ಚಿಸಿಕೊಳ್ಳದೆ. ಓಣಿಯ ಇಳಿಜಾರಿನಲ್ಲಿ ಅರ್ಧದವರೆಗೆ ಹೋಗಿ ಬಂದು ಅಭ್ಯಾಸವನ್ನೂ ಮಾಡಿದ್ದೆ. ಜೀವನದಲ್ಲಿ ಒಮ್ಮೆಯಾದರೂ ಒಬ್ಬ ಹಿರಿಯಳ ಬಾಗಿಲಿಗೆ ಸಣ್ಣವಳಾಗಿ ಹೋಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ಆಗಲೇ ಗೊತ್ತಾದದ್ದು.

ದಸರೆಯ ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಅಣ್ಣನದು ಲಿಂಬೆ ತೋಟ. ಅಂದು ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಕುಡುಗೋಲು, ಸಲಿಕೆ ಎಲ್ಲವೂ ಅಂಗಳಕ್ಕೆ ಬರುತ್ತವೆ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿಗೆ ಬರೀ ನೀರು ಹಾಕಿ, ಅದರ ಗನ್ನಿನಿಂದ ಅವನು ಎಲ್ಲವನ್ನೂ ತೊಳೆಯುತ್ತಾನೆ. ಆ ನೀರು ಬಂದು ಬಡಿದರೆ ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಮಣ್ಣೂ ಕಿತ್ತು ಬೀಳುತ್ತದೆ. ನಾನು ಸ್ನಾನ ಮುಗಿಸಿ ಒಳಗೆ ಮಂಚದ ಮೇಲೆ ತಲೆ ಒರೆಸಿಕೊಳ್ಳುತ್ತಿದ್ದೆ. ಹೊರಗಿನಿಂದ ಪಂಪಿನ ಸದ್ದು ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನೋಡುತ್ತೇನೆ, ಮಂಚದ ಪಕ್ಕ ಗಾಡಿಯಿಲ್ಲ.

ಕೂಗಿದೆ. ಅಣ್ಣ ಒದ್ದೆ ಪ್ಯಾಂಟಿನಲ್ಲೇ ಬಾಗಿಲಿಗೆ ಬಂದು, ಬಹಳ ದೊಡ್ಡ ಕೆಲಸ ಮಾಡಿದ ಮುಖದಲ್ಲಿ ಹೇಳಿದ: “ನಿನ್ನ ಗಾಡಿ ನೋಡ ಬಾ. ಶೋರೂಮಿನ್ಯಾಗ ಇದ್ದಂಗ ಆಗೇತಿ.”

ಹೇಗೆ ನೋಡಲಿ? ಅಣ್ಣ, ವೈನಿ ಇಬ್ಬರೂ ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಬಾಗಿಲಿಗೆ ತಂದರು. ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕಕ್ಕೆ ನನ್ನ ಗಾಡಿ ನಿಂತಿತ್ತು. ಗಾಲಿಗೆ ವಿಭೂತಿ, ಕುಂಕುಮ. ನಾಲ್ಕೂ ಗಾಲಿಗಳ ಮುಂದೆ ನಮ್ಮ ತೋಟದ್ದೇ ಲಿಂಬೆಹಣ್ಣು. ಗೇರಿಗೆ ಚೆಂಡುಹೂವಿನ ಮಾಲೆ. ಸೀಟಿನಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀರ ಯಾಕ ಹಾಕಿದಿ?” ಎಂದು ಚೀರಿದೆ.

ಅವನಿಗೆ ಗಾಬರಿಯಾಯಿತು. ಗಾಡಿ ಕೆಟ್ಟಿಲ್ಲವೆಂದು ತೋರಿಸಲು ಹೋಗಿ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸ್ವಿಚ್ ಒತ್ತಿಯೇಬಿಟ್ಟ. ಕೆಂಪು ದೀಪಗಳು ಮಿಣಮಿಣ ಎಂದವು. ಯಾರೂ ಗೇರು ಮುಟ್ಟದೆ ಗಾಡಿ ಒಮ್ಮೆ ಜಗ್ಗಿ ಮುಂದಕ್ಕೆ ಹಾರಿ, ಲಿಂಬೆಹಣ್ಣನ್ನು ಜಜ್ಜಿ ನಿಂತಿತು. ಅದರ ಮೇಲೆ ನಾನು ಇಳಿಜಾರಿನಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೆಂದು ಮೂವರೂ ಯೋಚಿಸಿದೆವು.

ಗಾಡಿ ರಿಪೇರಿ ಮಾಡುವವರು ವಿಜಯಪುರದವರು. ಫೋನ್ ಹಚ್ಚಿದರೆ, ಹಬ್ಬಕ್ಕೆಂದು ಹೆಂಡತಿಯ ತವರು ಮುದ್ದೇಬಿಹಾಳಕ್ಕೆ ಹೋಗಿದ್ದರು. “ಅಕ್ಕಾರ, ಮದಲ ಸ್ವಿಚ್ ಬಂದ್ ಮಾಡ್ರಿ, ಬ್ಯಾಟರಿ ಪ್ಲಗ್ ತಗದಿಡ್ರಿ. ಚಾರ್ಜಿಗೂ ಹಚ್ಚಬ್ಯಾಡ್ರಿ. ಹಬ್ಬ ಮುಗಿಸಿ ಬಂದು ನಾನ ಬಿಚ್ಚಿ ನೋಡ್ತೇನಿ. ಅಲ್ಲೀತನಾ ಯಾರೂ ಅದರ ಮ್ಯಾಲ ಕುಂದ್ರಬ್ಯಾಡ್ರಿ,” ಎಂದರು. ಅಂದರೆ ನಾಳೆ ಗಾಡಿಯಿಲ್ಲ. ನಾಳೆ ದಸರೆ.

ಅಣ್ಣನ ಮೇಲೆ ನಾನು ಹರಿಹಾಯ್ದದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. ಅವನು ತಲೆ ತಗ್ಗಿಸಿ ಕೇಳಿ, ಕೊನೆಗೆ ಒಂದೇ ಮಾತು ಹೇಳಿದ: “ಮನ್ಯಾಗಿನ ಎಲ್ಲಾ ಗಾಡಿಗೂ ಪೂಜಿ ಮಾಡಿ ನಿನ್ನ ಗಾಡಿ ಒಂದ ಬಿಡಾಕ ಬರ್ತೈತೇನ?”

ಆ ಮೂರು ಗಾಲಿಯ ಗಾಡಿ ನಮ್ಮ ಮನೆಯಲ್ಲಿ ಎಷ್ಟೋ ದಸರೆಗಳನ್ನು ಕಂಡಿತ್ತು. ಅದಕ್ಕೆ ಯಾರೂ ಒಂದು ಹೂವು ಇಟ್ಟವರಲ್ಲ. ಅದು ನನ್ನ ಕಾಯಿಲೆಗೆ ಸೇರಿದ ಸಾಮಾನಾಗಿತ್ತು, ಮೂಲೆಯಲ್ಲಿರುತ್ತಿತ್ತು. ಈಗ ನನ್ನದೂ ಒಂದು ವಾಹನ, ಟ್ರ್ಯಾಕ್ಟರಿನ ಸಾಲಿನಲ್ಲಿ ನಿಲ್ಲುವಂಥದ್ದು ಎಂದು ಅಣ್ಣನಿಗೆ ತಾನಾಗಿಯೇ ತೋಚಿತ್ತು. ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜೊತೆಗೆ ಅಳುವೂ ಬಂತು.

ಮರುದಿನ ಮಧ್ಯಾಹ್ನ ಅಣ್ಣ ಉಪಾಯ ತಂದ. ಮೋಟರುಗಳ ಹತ್ತಿರ ಎರಡು ಸಣ್ಣ ಹಿಡಿಕೆಗಳಿವೆ. ಅವನ್ನು ತಿರುಗಿಸಿದರೆ ಗಾಲಿಗಳು ಮೋಟರಿನಿಂದ ಬಿಡಿಸಿಕೊಳ್ಳುತ್ತವೆ, ಕರೆಂಟಿಲ್ಲದೆ ಕೈಯಿಂದಲೇ ನೂಕಬಹುದು. “ನೂಕ್ಕೊಂಡ ಒಯ್ತೇನಿ. ಇಲ್ಲಾಂದ್ರ ಎತ್ಕೊಂಡ ಒಯ್ತೇನಿ,” ಎಂದ. ಹಿಡಿಕೆ ತಿರುಗಿಸಿದರೆ ಬ್ರೇಕೂ ಹೋಗುತ್ತದೆ, ಬ್ಯಾಟರಿಗಳ ಭಾರ ಸೇರಿ ಗಾಡಿ ಇಳಿಜಾರಿನಲ್ಲಿ ಅವನನ್ನೇ ಎಳೆದುಕೊಂಡು ಗಟಾರಕ್ಕೆ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಎತ್ತಿಕೊಂಡು ಹೋಗುವುದಕ್ಕೂ ಒಲ್ಲೆ ಎಂದೆ. ಯಾರೋ ಒಯ್ದು ಇಳಿಸಿದರೆ ಅದು ನಾನು ಹೋದಂತೆ ಹೇಗಾಗುತ್ತದೆ?

ಸಂಜೆ ಓಣಿಯವರೆಲ್ಲ ಬಂದರು. ನಾನು ಮಂಚದ ಮೇಲೆ ಕುಳಿತು ಬನ್ನಿ ತೆಗೆದುಕೊಂಡೆ, ಕೊಟ್ಟೆ. ಪ್ರತಿ ಸಲ ಬಾಗಿಲಲ್ಲಿ ನೆರಳು ಕಂಡಾಗ ಆಯಿ ಎಂದು ಕತ್ತೆತ್ತಿದೆ. ಆಕೆಗೆ ನಡೆಯಲಾಗದೆಂದು ಗೊತ್ತಿತ್ತು. ಆದರೂ ಮೊಮ್ಮಗನ ಮೋಟರ್ ಸೈಕಲ್ಲಿನ ಮೇಲಾದರೂ ಬಂದೇ ಬರುತ್ತಾಳೆಂದು ಮನಸ್ಸು ಹೇಳುತ್ತಿತ್ತು. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಇಷ್ಟು ವರ್ಷ ತಪ್ಪಿಸದವಳು, ನನ್ನ ಗಾಡಿ ಕೆಟ್ಟ ವರ್ಷವೇ ತಪ್ಪಿಸಿದಳಲ್ಲ ಎಂದು ಬಹಳ ನೋವಾಯಿತು.

ವೈನಿ ಆಯಿಗೆ ಬನ್ನಿ ಕೊಟ್ಟು ಬಂದವರೇ ನಗುತ್ತಾ ನನ್ನ ಪಕ್ಕ ಕುಳಿತರು. ಮೊಮ್ಮಗ ಮೋಟರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿ, ‘ಬಾ ಆಯಿ, ಹೋಗಿ ಬರೋಣು’ ಎಂದು ಕರೆದಿದ್ದನಂತೆ. ಆಯಿ ಅವನನ್ನು ಬೈದು ಅಟ್ಟಿ, ವೈನಿಯ ಕೈಯಲ್ಲಿ ನನಗೆ ಹೇಳಿ ಕಳಿಸಿದ್ದಳು. ವೈನಿ ಆಕೆಯ ದನಿಯನ್ನೇ ತೆಗೆದು ಹೇಳಿದರು: “‘ನಾ ಬರಂಗಿಲ್ಲ. ಆಕಿ ತಾನ ಬರ್ತೇನಂತ ಹೇಳ್ಯಾಳ, ಆಕಿನ ಬರ್ಲಿ. ಗಾಡಿ ಒಣಗಲಿ, ಅವಸರ ಮಾಡಬ್ಯಾಡ ಅಂತ ಹೇಳು. ಬನ್ನಿ ಒಣಗಿದ್ರ ಬನ್ನಿ ಅಲ್ಲೇನ?’”

ಆ ಸಂಜೆ ಎಲ್ಲರೂ ಬಂದು ನನಗೆ ಬನ್ನಿ ಕೊಟ್ಟರು. ಬಾರದೆ ಕುಳಿತ ಆಯಿ ಕೊಟ್ಟದ್ದು ಅದಕ್ಕಿಂತ ದೊಡ್ಡದೆಂದು ನನಗೆ ಅರ್ಥವಾಯಿತು. ಬನ್ನಿಯ ಒಂದು ಟೊಂಗೆಯನ್ನು ದೇವರ ಜಗಲಿಯ ಮೇಲೆ ತೆಗೆದಿಡಲು ವೈನಿಗೆ ಹೇಳಿದೆ.

ರಿಪೇರಿಯವರು ಹಬ್ಬ ಮುಗಿಸಿ, ಬಸವನ ಬಾಗೇವಾಡಿಯಲ್ಲಿ ಇನ್ನೊಂದು ಗಾಡಿ ನೋಡಿಕೊಂಡು ನಮ್ಮಲ್ಲಿಗೆ ಬಂದರು. ಗೇರಿನ ಡಬ್ಬಿ ಬಿಚ್ಚಿ ಒಳಗಿನ ತೇವ ಆರಿಸಿದರು, ಕಿಲುಬು ಹಿಡಿಯತೊಡಗಿದ್ದ ಕಡೆ ಸ್ವಚ್ಛ ಮಾಡಿದರು. ಕೆಳಗೆ ಇಟ್ಟಿಗೆ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿ, ಬಹಳ ಹೊತ್ತು ಗಾಳಿಯಲ್ಲೇ ತಿರುಗಿಸಿ ನೋಡಿದರು. ಆಮೇಲೆ ಅಂಗಳದಲ್ಲಿ ತಾವೇ ಕುಳಿತು ಓಡಿಸಿದರು. ಎಲ್ಲ ಮುಗಿದ ಮೇಲೆ ಅಣ್ಣನ ಕಡೆ ತಿರುಗಿ, “ಅಣ್ಣಾರ, ಮುಂದಿನ ವರ್ಷ ಬರೇ ಹೂವ ಏರಸ್ರಿ,” ಎಂದರು. ಅಣ್ಣ ಪಂಪನ್ನು ಎತ್ತಿಕೊಂಡು ತೋಟಕ್ಕೆ ಹೊರಟುಬಿಟ್ಟ.

ಆ ಸಂಜೆಯೇ ಹೊರಟೆ. ಬೆಲ್ಟ್ ಬಿಗಿದು, ವೇಗವನ್ನು ಪೂರ್ತಿ ಕಡಿಮೆಗಿಟ್ಟು, ಓಣಿಯ ನಡುವೆ ನೇರವಾಗಿ ಇಳಿದೆ. ಇಳಿಜಾರಿನಲ್ಲಿ ಓರೆಯಾಗಿ ಹೋದರೆ ಗಾಡಿ ವಾಲುತ್ತದೆ. ಅಣ್ಣ ತೋಟದಿಂದ ಬಂದವನು ಹಿಂದೆ ದೂರದಲ್ಲಿ, ಏನೋ ಬೇರೆ ಕೆಲಸಕ್ಕೆ ಹೊರಟವನ ಹಾಗೆ ನಡೆದು ಬರುತ್ತಿದ್ದ. ನಾನು ತಿರುಗಿ ನೋಡಲಿಲ್ಲ. ಗಟಾರದ ಮೇಲಿನ ಹಾಸುಗಲ್ಲು ಅಲುಗಾಡುತ್ತದೆಂದು ಹೆದರಿದ್ದೆ. ಹತ್ತಿರ ಹೋದರೆ ಅದರ ಅಡಿಗೆ ಹೊಸ ಸಿಮೆಂಟು. ಅಣ್ಣನೇ ಮಾಡಿಸಿದ್ದೆಂದು ಕೇಳದೆಯೇ ತಿಳಿಯಿತು.

ಆಯಿ ಕಟ್ಟೆಯ ಮೇಲಿದ್ದಳು. ಯಾವಾಗಲೂ ಕಾಲು ಇಳಿಬಿಟ್ಟು ಕೂರುವವಳು, ಅಂದು ಆ ಕೆಟ್ಟ ಮೊಣಕಾಲುಗಳನ್ನು ಮಡಿಸಿ, ಎರಡೂ ಪಾದಗಳನ್ನು ಕಟ್ಟೆಯ ಅಂಚಿಗೆ ತಂದಿಟ್ಟು ಕುಳಿತಿದ್ದಳು. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಾಗ ನೋಡಿದೆ. ಕಟ್ಟೆ ನನ್ನ ಸೀಟಿನಷ್ಟೇ ಎತ್ತರ. ಆ ಪಾದಗಳು ನನ್ನ ಕೈಗೆ ಎಟುಕುವಲ್ಲಿದ್ದವು.

“ಏನ ನೋಡ್ತೀ? ಲಗೂನ ಮುಟ್ಟು. ಗಾಡಿ ರಿಪೇರಿ ಆತಂತ ಕೇಳಿದಾಗಿಂದ ಹಿಂಗ ಕುಂತೇನಿ, ಕಾಲು ಜೋಮ ಹಿಡದಾವ,” ಎಂದಳು.

“ತಡಿ ಆಯಿ, ಗಾಡಿ ಬಂದ್ ಮಾಡ್ತೇನಿ,” ಎಂದೆ.

ಸ್ವಿಚ್ ಒತ್ತಿದೆ. ದೀಪ ಆರಿತು. ಒಣಗಿ ಮುದುಡಿದ ಬನ್ನಿಯನ್ನು ಆಕೆಯ ಕೈಗಿಟ್ಟು, ಎರಡೂ ಕೈಯಿಂದ ಆಕೆಯ ಪಾದ ಮುಟ್ಟಿದೆ. ಆಯಿ ಕುಳಿತಲ್ಲಿಂದ ಏಳಲಿಲ್ಲ.